ಚಿತ್ರಪಟದ ಬಾಗಿಲಲ್ಲಿ ವಯಸ್ಸಿನ ಮಾತು
(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಸಿನೆಮಾಕ್ಕೆ ಹೋಗುವಾಗ ನಾವು ನಟನ ಹೆಸರು ನೋಡುತ್ತೇವೆ, ಹಾಡು ಹೇಗಿವೆ ಎಂದು ಕೇಳುತ್ತೇವೆ. ಚಿತ್ರ ಆರಂಭವಾಗುವ ಮುನ್ನ ಪರದೆಯ ಮೇಲೆ ಬರುವ ಪ್ರಮಾಣಪತ್ರವನ್ನು ಮಾತ್ರ ಓದುವುದಿಲ್ಲ. ಅದರಲ್ಲಿರುವ ಒಂದೆರಡು ಅಕ್ಷರಗಳ ಬಗ್ಗೆ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

ನಮ್ಮ ಪುಣೆಯಿಂದಲೇ ಆರಂಭಿಸೋಣ. ಪ್ರಭಾತ ಫಿಲ್ಮ್ ಕಂಪನಿ 1933ರಲ್ಲಿ ಕೊಲ್ಹಾಪುರದಿಂದ ಇಲ್ಲಿಗೆ ಬಂದಿತು. 1935ರಲ್ಲಿ ಶಾಂತಾರಾಮರು ಸಂತ ಏಕನಾಥರ ಕಥೆಯನ್ನು 'ಮಹಾತ್ಮಾ' ಎಂಬ ಹೆಸರಿನಿಂದ ಬೋಲಪಟ ಮಾಡಿದರು. ಏಕನಾಥರ ಪಾತ್ರ ಬಾಲಗಂಧರ್ವರದು. ಮಹಾತ್ಮಾ ಎಂದರೆ ಜನರಿಗೆ ನೆನಪಾಗುವವರು ಗಾಂಧೀಜಿ. ಸೆನ್ಸಾರಿನವರು ಆ ಹೆಸರಿಗೇ ಅಡ್ಡಬಂದರು. ಚಿತ್ರ 'ಧರ್ಮಾತ್ಮಾ' ಎಂದಾಗಿ ಹೊರಬಂತು. ಅದಕ್ಕೂ ಹಿಂದೆ, 1921ರಲ್ಲಿ, 'ಭಕ್ತ ವಿದುರ'ದ ವಿದುರನು ಗಾಂಧೀಜಿಯಂತೆ ಕಾಣುತ್ತಾನೆಂದು ಮದರಾಸು, ಕರಾಚಿಗಳ ಕಡೆ ಆ ಚಿತ್ರವನ್ನು ತಡೆದಿದ್ದರು. ಆದರೆ 1933ರ 'ಕರ್ಮ' ಚಿತ್ರದಲ್ಲಿ ನಾಯಕ ನಾಯಕಿಯರ ಚುಂಬನವು ತೆರೆಯ ಮೇಲೆ ಬಂತು. ಅಂದಿನ ಆಳರಸರಿಗೆ ಚುಂಬನಕ್ಕಿಂತ ಖಾದಿಯ ಭಯವೇ ಹೆಚ್ಚಾಗಿತ್ತು.

ಸ್ವಾತಂತ್ರ್ಯ ಬಂದಿತು. ಖಾದಿ ಸಿಂಹಾಸನವೇರಿತು, ಚುಂಬನದ ಹೊತ್ತಿಗೆ ಪರದೆಯ ಮೇಲೆ ಎರಡು ಹೂಗಳು ತೂಗತೊಡಗಿದವು! 1949ರ ತಿದ್ದುಪಡಿಯಿಂದ ಎರಡು ಗುರುತುಗಳಾದವು: 'ಯು' ಎಂದರೆ ಎಲ್ಲರಿಗೂ, 'ಎ' ಎಂದರೆ 18 ತುಂಬಿದವರಿಗೆ ಮಾತ್ರ. 1952ರಲ್ಲಿ ಹೊಸ ಕಾಯಿದೆ ಬಂತು. ಕಥೆಗೆ ಅವಶ್ಯವಿದ್ದರೆ ಚುಂಬನಕ್ಕೂ ಅಡ್ಡಿ ಬೇಡವೆಂದು 1969ರಲ್ಲಿ ಖೋಸ್ಲಾ ಸಮಿತಿ ಹೇಳಿತು.

ಮರು ವರ್ಷ ನಮ್ಮ ಕನ್ನಡದ ಸರದಿ. ಅನಂತಮೂರ್ತಿಯವರ ಕಾದಂಬರಿಯಿಂದ ಪಟ್ಟಾಭಿರಾಮ ರೆಡ್ಡಿಯವರು ತೆಗೆದ 'ಸಂಸ್ಕಾರ'ವನ್ನು ಮದರಾಸಿನ ಸೆನ್ಸಾರಿನವರು ತಡೆದರು. ಅಗ್ರಹಾರದ ಕಥೆಯಿಂದ ಒಂದು ಸಮಾಜದ ಮನಸ್ಸು ನೋಯುವುದೆಂಬ ಅಂಜಿಕೆ. ತರುವಾಯ ಕೇಂದ್ರ ಸರಕಾರ ತಡೆಯನ್ನು ತೆಗೆಯಿತು. ಅದೇ ಚಿತ್ರಕ್ಕೆ 1970ರ ಸಾಲಿನ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಅದರ ನಾಯಕರಾಗಿದ್ದ ಗಿರೀಶ ಕಾರ್ನಾಡರು 1974ರಲ್ಲಿ ಇದೇ ಪುಣೆಯ ಫಿಲ್ಮ್ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. ಆ ಸಂಸ್ಥೆ ಇರುವುದು ಪ್ರಭಾತದ ಹಳೆಯ ಆವಾರದಲ್ಲಿಯೇ.

1983ರಲ್ಲಿ 'ಯು/ಎ' ಎಂಬ ನಡುವಿನ ಗುರುತು ಬಂತು: 12ಕ್ಕೆ ಕೆಳಗಿನ ಮಕ್ಕಳಿಗೆ ತೋರಿಸಬೇಕೇ ಎಂಬುದನ್ನು ತಂದೆತಾಯಿಗಳೇ ಯೋಚಿಸಲಿ ಎಂದು ಅದರ ಅರ್ಥ. ಮಂಡಳಿಯ ಹೆಸರಿನಿಂದ 'ಸೆನ್ಸಾರ್' ಶಬ್ದವೂ ಆಗಲೇ ಹೋಯಿತು. ಜನರ ಬಾಯಿಂದ ಇನ್ನೂ ಹೋಗಿಲ್ಲ. 2023ರ ತಿದ್ದುಪಡಿ ಆ ನಡುವಿನ ಗುರುತನ್ನು 7, 13, 16 ಎಂದು ಮೂರು ಮಾಡಿತು. ಇಲ್ಲೊಂದು ಮಾತು ಗಮನದಲ್ಲಿರಲಿ. 'ಎ' ಚಿತ್ರಕ್ಕೆ ಬಂದ ಹುಡುಗನನ್ನು ತಡೆಯುವುದು ಚಿತ್ರಮಂದಿರದವರ ಕರ್ತವ್ಯ. ಉಳಿದ ಮೂರರಲ್ಲಿ ನಿರ್ಣಯ ನಮ್ಮದು, ತಂದೆತಾಯಿಗಳದು.

ಬಂಧುಗಳೇ, ವಯಸ್ಸಿನ ಗೆರೆ ಎಂದರೇನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹತ್ತು ಹನ್ನೆರಡರ ಮಾಣಿಗಳಾಗಿ ಊರು ಬಿಟ್ಟು ಬಂದು ಲೋಟ ತೊಳೆದ ಹಿರಿಯರು ನಮ್ಮ ನಡುವೆಯೇ ಇದ್ದಾರೆ. 'ಎ' ಚಿತ್ರದ ಬಾಗಿಲಲ್ಲಿ "ನೀನು ಸಣ್ಣವ, ಮನೆಗೆ ಹೋಗು" ಎಂದು ಕಾವಲಿನವನು ಅಟ್ಟುತ್ತಿದ್ದ. ಮನೆ ಇನ್ನೂರು ಹರದಾರಿಯಾಚೆ! ನಸುಕಿನ ನಾಲ್ಕು ಗಂಟೆಗೆ ಒಲೆಯ ಮುಂದೆ ನಿಲ್ಲಿಸುವಾಗ ಮಾತ್ರ ಅವನನ್ನು ಯಾರೂ ಸಣ್ಣವನೆನ್ನಲಿಲ್ಲ. 14ಕ್ಕೆ ಕೆಳಗಿನ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸಬಾರದೆಂಬ ಕೇಂದ್ರದ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ 10ರಂದು. ಗೆರೆಯನ್ನು ಎಳೆಯುವವರು ಮನುಷ್ಯರೇ. ಜನರು ಎಚ್ಚತ್ತು ಕೇಳಿದಾಗ ಅದು ಸರಿಯುತ್ತದೆ.

ಈಗ ಚಿತ್ರಮಂದಿರವೇ ಮಗುವಿನ ಅಂಗೈಯಲ್ಲಿದೆ. ಮೊಬೈಲಿನಲ್ಲಿ ಬರುವ ಚಿತ್ರಗಳಿಗೂ ಇವೇ ವಯಸ್ಸಿನ ಗುರುತು ಹಾಕಬೇಕು, 13ರ ಗುರುತಿನಿಂದ ಮೇಲಿನವುಗಳಿಗೆ ತಂದೆತಾಯಿಗಳು ಬೀಗ ಹಾಕುವ ಅನುಕೂಲವನ್ನೂ ಕೊಡಬೇಕು ಎಂದು 2021ರ ನಿಯಮಗಳು ಹೇಳುತ್ತವೆ. ಆದರೆ ಅಲ್ಲಿ ಕಾವಲಿನವನು ಇಲ್ಲ. ತಂದೆ ರಾತ್ರಿ ಪಾಳಿಯಲ್ಲಿ, ತಾಯಿ ಪರರ ಮನೆಯ ಅಡಿಗೆಯಲ್ಲಿ. ಬೀಗ ಹಾಕುವವರು ಯಾರು? "ತಂದೆತಾಯಿಗಳು ಯೋಚಿಸಲಿ" ಎಂದು ಬರೆಯುವುದು ಸುಲಭ. ಯೋಚಿಸಲು, ಮಗುವಿನ ಪಕ್ಕದಲ್ಲಿ ಕುಳಿತು ನೋಡಲು ಹೊತ್ತು ಬೇಕಲ್ಲ! ಆದ್ದರಿಂದ ವಾರದ ರಜೆ ಮತ್ತು ನಿಯಮಿತ ಕೆಲಸದ ವೇಳೆ ನಮ್ಮ ಮಕ್ಕಳ ಹಕ್ಕೂ ಹೌದೆಂದು ನಾವು ತಿಳಿಯುತ್ತೇವೆ.

ಅಲ್ಲಿಯವರೆಗೆ ಕೈಲಾದಷ್ಟು ಮಾಡೋಣ. ಊರಿಗೆ ಬರುವ ಚಿತ್ರಗಳ ಗುರುತನ್ನು ಪ್ರತಿ ವಾರ ಸಂಘದ ಫಲಕದ ಮೇಲೆ ಬರೆಯೋಣ. ಮೊಬೈಲಿಗೆ ಬೀಗ ಹಾಕುವುದನ್ನು ನಮ್ಮ ತರುಣರು ರವಿವಾರಕ್ಕೊಮ್ಮೆ ಎಲ್ಲರಿಗೂ ಕಲಿಸಲಿ. ಬೀಗಕ್ಕಿಂತ ಮುಖ್ಯವಾದುದು ಮಾತು: ನೋಡಿದ್ದು ಏನು, ಹೆದರಿಕೆಯಾಯಿತೇ ಎಂದು ಮಗುವನ್ನು ಊಟದ ಹೊತ್ತಿನಲ್ಲಿ ಕೇಳೋಣ. ಮಂಡಳಿಯ ಗುರುತು ಇನ್ನು ಹತ್ತು ವರ್ಷಕ್ಕೆ ಮತ್ತೆ ಬದಲಾಗಬಹುದು. ಕೇಳುವ ರೂಢಿ ಮನೆಯಲ್ಲಿ ಬೆಳೆದರೆ ಅದು ಮಗುವಿನೊಡನೆ ಉಳಿಯುತ್ತದೆ.