ಚಾಕುವಿನ ರೂಪಕಲ್ಪನೆ

ಚಾಕು ಮಾಡುವ ಕೆಲಸವನ್ನು ಹವ್ಯಾಸವಾಗಿ ಕಲಿಯತೊಡಗಿದವರಿಗೆ ಸ್ವಲ್ಪ ದಿವಸಗಳಲ್ಲಿಯೇ ಒಂದು ಆಸೆ ಹುಟ್ಟುವುದುಂಟು: ಇನ್ನೊಬ್ಬರ ಮಾದರಿಯನ್ನು ಬಿಟ್ಟು ತಮ್ಮದೇ ಆದ ಒಂದು ರೂಪವನ್ನು ಕಲ್ಪಿಸಬೇಕೆಂಬ ಆಸೆ. ಇದು ಯೋಗ್ಯವಾದುದೇ. ಆದರೆ ರೂಪವು ಎಲ್ಲಿಂದ ಹುಟ್ಟುವುದೆಂಬುದನ್ನು ವಿಚಾರಮಾಡದೆ ಕಣ್ಣಿಗೆ ಚೆಂದವಾದ ಗೆರೆಗಳನ್ನು ಎಳೆದರೆ, ಗೋಡೆಗೆ ತೂಗುಹಾಕುವ ವಸ್ತುವೊಂದು ಸಿದ್ಧವಾದೀತೇ ಹೊರತು ಚಾಕು ಸಿದ್ಧವಾಗದು.

ನಮ್ಮಲ್ಲಿ ಬಳಕೆಯಲ್ಲಿರುವ ಸಾಧನಗಳನ್ನೇ ನೋಡೋಣ. ಈಳಿಗೆಮಣೆಯಲ್ಲಿ ಅಲಗು ನಿಂತಿರುವುದು, ತರಕಾರಿಯು ಚಲಿಸುವುದು. ಮಣೆಯನ್ನು ಕಾಲು ಅದುಮಿ ಹಿಡಿಯುವುದರಿಂದ ಎರಡು ಕೈಗಳೂ ಬಿಡುವಾಗಿರುವುವು. ಕುಡುಗೋಲಿನ ಬಾಗು ಪೈರನ್ನು ಜಾರಗೊಡದೆ ಒಳಕ್ಕೆ ಸೆಳೆದುಕೊಳ್ಳುವುದು. ಕೊಡಗಿನ ಒಡಿಕತ್ತಿಯ ಅಲಗು ಅಗಲವಾಗಿ ಮುಂದಕ್ಕೆ ಬಾಗಿದೆ. ತೂಕವು ಮುಂದಿರುವುದರಿಂದ ಏಟಿಗೆ ಬಲ ಬರುವುದು. ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವ ಶಾಸ್ತ್ರಕ್ಕೆ ಅದೇ ಬೇಕು. ಈ ಬಾಗುಗಳನ್ನು ಮೊದಲು ಎಳೆದುದು ಕೆಲಸ. ಅಲಂಕಾರವು ಅನಂತರ ಬಂದುದು.

ಆದುದರಿಂದ ಹೊಸಬರು ಸೀಸದ ಕಡ್ಡಿಯನ್ನು ಎತ್ತಿಕೊಳ್ಳುವ ಮೊದಲು, ಈ ಚಾಕು ಏನನ್ನು, ಎಲ್ಲಿ, ಯಾರ ಕೈಯಲ್ಲಿ ಕೊಯ್ಯಬೇಕು ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ತರಕಾರಿ ಹೆಚ್ಚುವ ಚಾಕು ಎಂದಿಟ್ಟುಕೊಳ್ಳೋಣ. ಬೆರಳ ಗೆಣ್ಣುಗಳು ಹಲಗೆಗೆ ತಾಕಬಾರದು. ಆದಕಾರಣ ಅಲಗಿನ ಬುಡವು ಹಿಡಿಗಿಂತ ಸಾಕಷ್ಟು ಕೆಳಗೆ ಇಳಿದಿರಬೇಕು. ಹಿಡಿಯು 4ರಿಂದ 5 ಅಂಗುಲವಿದ್ದರೆ ಬಹುಮಂದಿಯ ಅಂಗೈಗೆ ಸಾಕು. ಅದು ದುಂಡಗಿದ್ದರೆ ಕೈಯಲ್ಲಿ ಉರುಳುವುದು; ಮೊಟ್ಟೆಯ ಆಕಾರದಲ್ಲಿದ್ದರೆ ಚಾಕುವಿನ ಬಾಯಿ ಯಾವ ಕಡೆಗಿದೆಯೆಂಬುದು ನೋಡದೆಯೇ ತಿಳಿಯುವುದು.

ಬರೆದ ಚಿತ್ರವನ್ನು ಅದೇ ಅಳತೆಯಲ್ಲಿ ಮೊದಲು ರಟ್ಟಿಗೆ, ಅನಂತರ ತೆಳುವಾದ ಮರಕ್ಕೆ ಇಳಿಸಿ ಕತ್ತರಿಸಿಕೊಳ್ಳಬೇಕು. ಆ ಮರದ ಚಾಕುವನ್ನು ಹಿಡಿದು, ನಿಜವಾಗಿ ಹೆಚ್ಚುವವರಂತೆ ಸ್ವಲ್ಪ ಹೊತ್ತು ಆಡಿಸಿದರೆ, ಕಾಗದದ ಮೇಲೆ ಕಾಣದಿದ್ದ ದೋಷಗಳು ಅಂಗೈಗೆ ತಿಳಿದುಬರುವುವು. ಮರವನ್ನು ತಿದ್ದಲು ಎರಡು ನಿಮಿಷ ಸಾಕು. ಉಕ್ಕನ್ನು ತಿದ್ದಲು ಎರಡು ದಿವಸಗಳೂ ಸಾಲವು.

ಇನ್ನು ದಪ್ಪದ ವಿಚಾರ. ಚಾಕುವೆಂಬುದು ಒಂದು ಬೆಣೆ. ಬದನೆಕಾಯಿಗೆ 2 ಮಿಲಿಮೀಟರು ದಪ್ಪದ ಬೆನ್ನು ಸಾಕು. ಲಾರಿಯ ಹಳೆಯ ಸ್ಪ್ರಿಂಗಿನ ಪಟ್ಟಿಯನ್ನು ತೆಳುಮಾಡದೆ ಬಳಸಿದರೆ ಅದು ಗೆಡ್ಡೆಯನ್ನು ಕೊಯ್ಯದೆ ಸೀಳುವುದು. ಸೌದೆ ಸೀಳುವ ಮಚ್ಚಿಗಾದರೋ ಆ ದಪ್ಪವೇ ಗುಣ.

ರೂಪವು ಕುಲುಮೆಗೂ ಒಗ್ಗಬೇಕು. ಸಾಮಾನ್ಯವಾದ ಮೆದು ಕಬ್ಬಿಣದಲ್ಲಿ ಇಂಗಾಲವು ಶೇಕಡ 0.25ರ ಒಳಗಿರುವುದರಿಂದ ಅದು ಚಾಕುವಿಗೆ ಬೇಕಾದ ಹದಕ್ಕೆ ಬರುವುದಿಲ್ಲ; ಶೇಕಡ 0.6ರಿಂದ 1ರವರೆಗೆ ಇಂಗಾಲವಿರುವ ಉಕ್ಕು ಬೇಕು. ಅಂಥ ಉಕ್ಕನ್ನು ಕಾಯಿಸುತ್ತ ಹೋದರೆ 770 ಡಿಗ್ರಿ ಸೆಂಟಿಗ್ರೇಡಿನ ಒಳಗಾಗಿ ಅದು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುವುದು. ಆಮೇಲೆ ಇನ್ನೂ ತುಸು ಕಾಯಿಸಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುವುದು. ಆ ಗಳಿಗೆಯಲ್ಲಿ ಲೋಹದ ಒಳಗೆ ಬಹಳ ಬಿಗಿತ ಉಂಟಾಗುವುದು. ಅಲಗೂ ಹಿಡಿಯ ಭಾಗವೂ ಸೇರುವೆಡೆಯಲ್ಲಿ ಚೂಪಾದ ಒಳಮೂಲೆಯಿದ್ದರೆ ಬಿರುಕು ಅಲ್ಲಿಂದಲೇ ಹೊರಡುವುದು. ಆ ಮೂಲೆಯನ್ನು ಚಿತ್ರದಲ್ಲಿಯೇ ದುಂಡಗೆ ಮಾಡಿರಬೇಕು. ಬಾಯಿಯನ್ನೂ ಹದಕ್ಕೆ ಮೊದಲು ತೀರ ತೆಳುಮಾಡಬಾರದು. ಬಳಿಕ 200 ಡಿಗ್ರಿಯ ಸುಮಾರಿನಲ್ಲಿ ಎರಡು ಗಂಟೆಗಳ ಕಾಲ ಕಾಯಿಸಿದರೆ ಪೆಡಸುತನ ತಗ್ಗುವುದು. ಚೆಂದಕ್ಕಾಗಿ ಉಳಿಸಿಕೊಂಡ ಒಂದು ಚೂಪು ಮೂಲೆಯಿಂದ ಚಾಕು ಕೆಲಸದ ನಡುವೆ ಮುರಿದರೆ, ಗಾಯವಾಗುವುದು ಮಾಡಿದವರಿಗಲ್ಲ, ಬಳಸುವವರಿಗೆ.

ಸಿದ್ಧವಾದ ಚಾಕುವನ್ನು ಪೆಟ್ಟಿಗೆಯಲ್ಲಿಡದೆ, ದಿನವೂ ಅಡಿಗೆ ಮಾಡುವವರ ಕೈಗೆ ಒಂದು ತಿಂಗಳು ಕೊಡಬೇಕು. ಅವರ ದೂರುಗಳನ್ನು ಬರೆದುಕೊಂಡು, ಮುಂದಿನ ಚಾಕುವಿನಲ್ಲಿ ಒಂದೇ ಒಂದು ಅಂಶವನ್ನು ಬದಲಾಯಿಸಬೇಕು. ಎರಡನ್ನು ಬದಲಾಯಿಸಿದರೆ ಗುಣವು ಯಾವುದರಿಂದ ಬಂದಿತೆಂಬುದು ತಿಳಿಯದು. ಹೀಗೆ ನಾಲ್ಕಾರು ಚಾಕುಗಳು ಆಗುವಷ್ಟರಲ್ಲಿ, ತಮ್ಮದೆಂದು ಹೇಳಿಕೊಳ್ಳಬಹುದಾದ ರೂಪವೊಂದು ತಾನಾಗಿ ನೆಲೆಗೊಳ್ಳುವುದು.

ಪುಸ್ತಕ ಹಿಡಿದು ಬೆಳೆದ ನಮ್ಮಂಥವರು ಕಮ್ಮಾರನ ಕೆಲಸವನ್ನು ಬರಿಯ ತೋಳ್ಬಲವೆಂದು ಎಣಿಸುವುದುಂಟು. ಬೇಸಾಯಗಾರನು ಕುಡುಗೋಲನ್ನು ಹಿಂದಕ್ಕೆ ತಂದು ‘ಭಾರವಾಯಿತು’ ಎಂದಾಗ ಅದನ್ನು ಬಡಿದು ತಿದ್ದಿಕೊಡುವ ಆತನು, ನಾವು ಈವರೆಗೆ ಹೇಳಿದ ಕ್ರಮವನ್ನೇ ತಲೆಮಾರುಗಳಿಂದ ನಡಸಿಕೊಂಡು ಬಂದಿದ್ದಾನೆ. ಹೊಸದನ್ನು ಕಲ್ಪಿಸಬೇಕೆನ್ನುವವರು ಮೊದಲು ಒಂದು ದಿವಸ ಅವನ ಕುಲುಮೆಯ ಬಳಿ ಕುಳಿತು, ಬಂದವರು ಏನೆಂದು ದೂರುವರೆಂಬುದನ್ನು ಕೇಳಲಿ.