ತುರಿಕೆ ನಿಂತರೆ ರೋಗ ಹೋಯಿತೇ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2006ರಲ್ಲಿ ಇದೇ ಶಾಲೆಯಿಂದ ಎಸ್.ಎಸ್.ಎಲ್.ಸಿ. ಪಾಸಾದವನು. ಭಾಲ್ಕಿಯಲ್ಲಿ ಬಿ.ಇ. ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಕಂಪ್ಯೂಟರ್ ಬಗ್ಗೆ ಮಾತಾಡು ಎಂದು ಗುರುಗಳು ಹೇಳಿದ್ದರು. ಚರ್ಮರೋಗದ ಬಗ್ಗೆ ಮಾತಾಡುತ್ತೇನೆ ಎಂದು ನಾನೇ ಕೇಳಿಕೊಂಡೆ. ನಾನು ಡಾಕ್ಟರ್ ಅಲ್ಲ. ತಪ್ಪು ಮಾಡಿ ಕಲಿತ ರೋಗಿ.

ಬಿ.ಇ. ಮೂರನೇ ವರ್ಷ. ನಾಲ್ವರು ಗೆಳೆಯರು ಒಂದೇ ರೂಮಿನಲ್ಲಿದ್ದೆವು. ನನ್ನ ತೊಡೆಸಂದಿಯಲ್ಲಿ ದುಂಡಗೆ ಕೆಂಪು ಕಲೆ ಎದ್ದಿತು, ರಾತ್ರಿಯೆಲ್ಲ ತುರಿಕೆ. ಅದು ಗಜಕರ್ಣ. ಯಾರಿಗೂ ಹೇಳಲು ನಾಚಿಕೆ. ಔಷಧಿ ಅಂಗಡಿಯಲ್ಲಿ ಮೆಲ್ಲಗೆ ಕೇಳಿ ಒಂದು ಟ್ಯೂಬ್ ತಂದೆ. ಮೂರು ದಿನಕ್ಕೆ ತುರಿಕೆ ನಿಂತಿತು, ಹಚ್ಚುವುದನ್ನು ಬಿಟ್ಟೆ. ವಾರದೊಳಗೆ ಮತ್ತೆ ಬಂತು, ಈ ಸಲ ಸೊಂಟದವರೆಗೆ. ಮತ್ತೆ ಅದೇ ಟ್ಯೂಬ್. ಹೀಗೆ ಎಂಟು ತಿಂಗಳು. ರಜೆಗೆ ಬಂದಾಗ ನನ್ನ ಟವೆಲ್ ಬಳಸಿದ ತಮ್ಮನಿಗೆ ಹತ್ತಿತು. ಆಮೇಲೆ ಅವ್ವನಿಗೂ ಹತ್ತಿತು.

ಕೊನೆಗೆ ಮೂವರೂ ಬೀದರಿಗೆ ಹೋಗಿ ಚರ್ಮರೋಗ ತಜ್ಞರನ್ನು ಕಂಡೆವು. ಅವರು ಕೇಳಿದ ಮೊದಲ ಮಾತು: "ಹಚ್ಚಿದ ಟ್ಯೂಬ್ ತಂದೀರೇನು?" ಅದರ ಮೇಲಿನ ಸಣ್ಣ ಅಕ್ಷರಗಳನ್ನು ನನ್ನಿಂದಲೇ ಓದಿಸಿದರು. ಶಿಲೀಂಧ್ರದ ಔಷಧಿಯ ಜೊತೆಗೆ ಕ್ಲೋಬೆಟಾಸೋಲ್ ಎಂಬ ಬಲವಾದ ಸ್ಟೀರಾಯ್ಡ್ ಇತ್ತು.

ಗಜಕರ್ಣಕ್ಕೆ ಕಾರಣ ಶಿಲೀಂಧ್ರ, ಅಂದರೆ ಒಂದು ಬಗೆಯ ಬೂಷ್ಟು. ಅದರ ವಿರುದ್ಧ ನಮ್ಮ ದೇಹ ಹೋರಾಡುವಾಗ ಕೆಂಪಾಗುತ್ತದೆ, ತುರಿಸುತ್ತದೆ. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ತುರಿಕೆ ನಿಲ್ಲುತ್ತದೆ, ಬೂಷ್ಟು ಮಾತ್ರ ಆರಾಮಾಗಿ ಬೆಳೆಯುತ್ತದೆ. ನಮ್ಮ ಕೆಲಸದಲ್ಲಿ ಪ್ರೋಗ್ರಾಮಿನ ತಪ್ಪನ್ನು ತಿದ್ದದೆ, ತಪ್ಪು ತೋರಿಸುವ ಸಂದೇಶವನ್ನಷ್ಟೇ ಅಳಿಸುವವರಿದ್ದಾರೆ. ನಾನು ನನ್ನ ಮೈಮೇಲೆ ಮಾಡಿಕೊಂಡಿದ್ದು ಅದನ್ನೇ. ಸ್ಟೀರಾಯ್ಡಿನಿಂದ ತೊಡೆಯ ಮೇಲೆ ಬಿದ್ದ ಗೆರೆಗಳು ಇಂದಿಗೂ ಹೋಗಿಲ್ಲ.

ಡಾಕ್ಟರು ಕಲೆಯ ಅಂಚಿನಿಂದ ಹೊಟ್ಟನ್ನು ಕೆರೆದು, ಅದಕ್ಕೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸ್ಟೀರಾಯ್ಡ್ ಇಲ್ಲದ ಮುಲಾಮು ಮತ್ತು ಕೆಲವು ವಾರಗಳ ಗುಳಿಗೆ ಕೊಟ್ಟರು. ಮೂವರಿಗೂ ಒಟ್ಟಿಗೇ ಚಿಕಿತ್ಸೆ. ಟವೆಲ್ ಬೇರೆ ಬೇರೆ ಇರಲಿ, ಬಟ್ಟೆ ಸಡಿಲವಿರಲಿ, ಬಿಸಿಲಲ್ಲಿ ಪೂರ್ತಿ ಒಣಗಲಿ ಎಂದರು. "ತುರಿಕೆ ನಿಂತಿತು ಅಂತ ಗುಳಿಗೆ ಬಿಡಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಇಂದು ಈ ಮಾತು ಇನ್ನೂ ಮುಖ್ಯ. ಸಾಮಾನ್ಯ ಗುಳಿಗೆಗೆ ಬಗ್ಗದ ಶಿಲೀಂಧ್ರ ಈಗ ನಮ್ಮ ದೇಶದಲ್ಲಿ ಹಬ್ಬಿದೆ. 2020ರಲ್ಲಿ ಅದಕ್ಕಿಟ್ಟ ಹೆಸರು ಟ್ರೈಕೊಫೈಟಾನ್ ಇಂಡೊಟಿನಿಯೆ. ಹೆಸರಿನಲ್ಲೇ ಇಂಡಿಯಾ ಇದೆ.

ಸ್ಟೀರಾಯ್ಡ್ ಕೆಟ್ಟ ಔಷಧಿಯಲ್ಲ. ಇಸುಬಿಗೆ, ಅಲರ್ಜಿಗೆ ಡಾಕ್ಟರು ಅಳೆದು ಕೊಡುತ್ತಾರೆ. ಚೀಟಿ ಇಲ್ಲದೆ ಇಂಥ ಮುಲಾಮು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮವನ್ನೂ ಬಿಗಿ ಮಾಡಿದೆ. ಆದರೂ ಮದುವೆಗೆ ಮುಖ ಬೆಳ್ಳಗಾಗಲಿ ಎಂದು ಹಚ್ಚುವವರಿದ್ದಾರೆ. ತಂಗಿಯರೇ, ಮೊದಲು ಮುಖ ತಿಳಿಯಾದಂತೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಏಳುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಮೊಡವೆಗೆ ಬೇರೆ ಮುಲಾಮುಗಳಿವೆ. ಎರಡು ಮೂರು ತಿಂಗಳು ತಾಳ್ಮೆ ಬೇಕು, ಅಷ್ಟೇ.

ಮಕ್ಕಳಲ್ಲಿ ಬೆರಳ ಸಂದಿಯಲ್ಲಿ ಗುಳ್ಳೆ, ರಾತ್ರಿ ಹೆಚ್ಚು ತುರಿಕೆ ಇದ್ದರೆ ಅದು ಕಜ್ಜಿ ಇರಬಹುದು. ಚರ್ಮದೊಳಗೆ ಕೊರೆಯುವ ಸಣ್ಣ ಹುಳದಿಂದ ಬರುತ್ತದೆ. ಡಾಕ್ಟರು ಪರ್ಮೆಥ್ರಿನ್ ಮುಲಾಮು ಬರೆದುಕೊಟ್ಟರೆ ರಾತ್ರಿ ಕುತ್ತಿಗೆಯಿಂದ ಅಂಗಾಲಿನವರೆಗೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು, ವಾರ ಬಿಟ್ಟು ಇನ್ನೊಮ್ಮೆ. ತುರಿಕೆ ಇರಲಿ ಇಲ್ಲದಿರಲಿ, ಮನೆಯವರೆಲ್ಲರೂ ಒಂದೇ ದಿನ ಹಚ್ಚಬೇಕು. ಕೂಸುಗಳಿಗೆ ಹೇಗೆ ಹಚ್ಚಬೇಕೆಂದು ಡಾಕ್ಟರನ್ನೇ ಕೇಳಿ. ಒಬ್ಬರು ಬಿಟ್ಟರೂ ಮತ್ತೆ ಸುತ್ತುತ್ತದೆ.

ಇನ್ನು ಬಿಳಿ ಮಚ್ಚೆ. ಇದನ್ನು ಹೇಳಲೆಂದೇ ನಾನು ಇಷ್ಟು ದೂರ ಬಂದಿದ್ದು. ನಮ್ಮ ತರಗತಿಯಲ್ಲಿ ಒಬ್ಬ ಹುಡುಗಿಯ ತುಟಿ, ಬೆರಳುಗಳ ಮೇಲೆ ಬಿಳಿ ಮಚ್ಚೆ ಇತ್ತು. ಆಕೆ ಮುಟ್ಟಿದ ಕೊಡದ ನೀರನ್ನು ನಾವು ಕುಡಿಯುತ್ತಿರಲಿಲ್ಲ. ಗುರುಗಳು ಬೈದರೂ ನಾವು ಕೇಳಲಿಲ್ಲ. ಒಂಬತ್ತನೇ ತರಗತಿಯ ನಡುವೆ ಆಕೆ ಶಾಲೆ ಬಿಟ್ಟಳು. ಆಕೆಗಿದ್ದದ್ದು ತೊನ್ನು. ಅದು ಅಂಟುರೋಗವಲ್ಲ, ಕುಷ್ಠವಲ್ಲ, ಪಾಪದ ಫಲವೂ ಅಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನು ನಾಶಮಾಡುವುದರಿಂದ ಬರುತ್ತದೆ. ಮುಲಾಮು, ಬೆಳಕಿನ ಚಿಕಿತ್ಸೆ ಇವೆ. ಬೇಗ ಹೋದಷ್ಟು ಗುಣ ಹೆಚ್ಚು. ಆ ದಿನಗಳಲ್ಲಿ ನನಗೆ ಇದು ತಿಳಿದಿರಲಿಲ್ಲ. ಆದರೆ ತಿಳಿಯದಿದ್ದರೂ ಆ ನೀರನ್ನು ಕುಡಿಯಬಹುದಿತ್ತು. ಅಕ್ಕಾ, ತಂಗಿ, ನೀವು ಎಲ್ಲೇ ಇರಿ, ನಮ್ಮ ಇಡೀ ಬ್ಯಾಚಿನ ಪರವಾಗಿ ಕ್ಷಮೆ ಕೇಳುತ್ತೇನೆ.

ಮಚ್ಚೆಯ ಜಾಗದಲ್ಲಿ ಮುಟ್ಟಿದರೆ ಗೊತ್ತಾಗದಿದ್ದರೆ, ಸ್ಪರ್ಶ ಕಡಿಮೆಯಿದ್ದರೆ, ತಡ ಮಾಡಬೇಡಿ. ಅದು ಕುಷ್ಠದ ಗುರುತಾಗಿರಬಹುದು. ಅದಕ್ಕೂ ಹೆದರಬೇಕಿಲ್ಲ. 6 ಅಥವಾ 12 ತಿಂಗಳ ಬಹು ಔಷಧಿ ಚಿಕಿತ್ಸೆಯಿಂದ ಪೂರ್ತಿ ಗುಣವಾಗುತ್ತದೆ, ಸರ್ಕಾರಿ ದವಾಖಾನೆಯಲ್ಲಿ ಉಚಿತ. ತಡವಾದರೆ ಮಾತ್ರ ಕೈಕಾಲಿನ ನರಗಳಿಗೆ ಹಾನಿ.

ಎಲ್ಲಿ ಹೋಗಬೇಕು? ಔರಾದ್, ಭಾಲ್ಕಿಯಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಬೀದರಿನಲ್ಲಿ ಬ್ರಿಮ್ಸ್ ಇದೆ. ಇ-ಸಂಜೀವನಿಯಲ್ಲಿ ಫೋನಿನ ಮೂಲಕವೂ ಸರ್ಕಾರಿ ಡಾಕ್ಟರನ್ನು ಕಾಣಬಹುದು, ಅದಕ್ಕೂ ದುಡ್ಡಿಲ್ಲ. ಬೀದರಿಗೆ ಹೋಗಿಬರಲು ಒಂದು ದಿನದ ಕೂಲಿ ತಪ್ಪುತ್ತದೆ, ನಿಜ. ಎಂಟು ತಿಂಗಳು ಕೊಂಡ ಟ್ಯೂಬುಗಳ ಲೆಕ್ಕ ಹಾಕಿದಾಗ, ಮೊದಲೇ ಹೋಗಿದ್ದರೆ ಅಗ್ಗವಾಗುತ್ತಿತ್ತು ಎಂದು ನನಗೆ ತಿಳಿಯಿತು.

ಮಕ್ಕಳೇ, ಈ ಶಾಲೆ ನಿಮಗೆ ಓದಲು ಕಲಿಸಿದೆ. ಇಂದು ಮನೆಗೆ ಹೋಗಿ ಅವ್ವನ ಡಬ್ಬಿಯಲ್ಲಿರುವ ಟ್ಯೂಬ್ ತೆಗೆದು, ಅದರ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ, ಡಾಕ್ಟರು ಹೇಳಿದ್ದರೇ ಎಂದು ಕೇಳಿ. ಹೇಳಿರದಿದ್ದರೆ ಟ್ಯೂಬ್ ಹಿಡಿದುಕೊಂಡೇ ದವಾಖಾನೆಗೆ ಕರೆದುಕೊಂಡು ಹೋಗಿ.