ಜಮೀನಿನೊಂದಿಗೆ ದಾರಿಯ ಹೊಣೆಯೂ ಬರುತ್ತದೆ

(ಸಿರುಗುಪ್ಪದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ತುಂಗಭದ್ರೆಯ ನೀರುಂಡು ಭತ್ತ ಬೆಳೆಯುವ ಈ ನೆಲದಲ್ಲಿ ಜಮೀನು ಕೊಳ್ಳುವಾಗ ನಾವು ದರ ಕೇಳುತ್ತೇವೆ, ನೀರು ಕೇಳುತ್ತೇವೆ, ಪಹಣಿಯಲ್ಲಿರುವ ಹೆಸರು ನೋಡುತ್ತೇವೆ. ಅದರ ಮೇಲೆ ಯಾರು ನಡೆದಾಡುತ್ತಾರೆಂದು ಮಾತ್ರ ವಿಚಾರಿಸುವುದಿಲ್ಲ. ನೋಂದಣಿಯಾದೊಡನೆ ತಂತಿಬೇಲಿ ಏಳುತ್ತದೆ. ಹಿಂದಿನ ಹೊಲಕ್ಕೆ ಕೊಯ್ಲಿನ ಯಂತ್ರ ಹೋಗಲಾರದೆ ಮಾಗಿದ ಭತ್ತ ಗದ್ದೆಯಲ್ಲೇ ಉದುರುತ್ತದೆ. ತಲೆಮಾರುಗಳ ನೆರೆಹೊರೆ ನ್ಯಾಯಾಲಯದ ಮೆಟ್ಟಿಲೇರುತ್ತದೆ.

'ನನ್ನ ಹಣ, ನನ್ನ ಜಮೀನು' ಎಂಬ ವಾದವನ್ನು ಕಾನೂನು ಪೂರ್ತಿಯಾಗಿ ಒಪ್ಪುವುದಿಲ್ಲ. ಪರರ ಭೂಮಿಯ ಮೇಲಿನ ಅನುಭೋಗದ ಹಕ್ಕನ್ನು ವಿವರಿಸುವ ಈಸ್‌ಮೆಂಟ್ ಕಾಯ್ದೆ 1882ರದು. ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ, 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಬಹಳ ಮೊದಲೇ ಅದು ಇಲ್ಲಿ ಜಾರಿಯಲ್ಲಿತ್ತು.

ದಾರಿಗಳಲ್ಲಿ ಮೂರು ಬಗೆಯನ್ನು ನಾವು ಅರಿತಿರಬೇಕು. ಮೊದಲನೆಯದು ಗ್ರಾಮ ನಕಾಶೆಯಲ್ಲಿರುವ ಸಾರ್ವಜನಿಕ ದಾರಿ. ಸರ್ವೆ ನಂಬರಿನೊಳಗೆ ಇಂಥ ದಾರಿಗೆ ಬಿಟ್ಟ ನೆಲ 'ಬಿ' ಖರಾಬು. ಅದನ್ನು ಮಾರುವ ಹಕ್ಕು ಜಮೀನುದಾರನಿಗಿಲ್ಲ. ಎರಡನೆಯದು ಅನಿವಾರ್ಯದ ದಾರಿ. ಒಂದೇ ಜಮೀನನ್ನು ಪಾಲು ಮಾಡಿದಾಗ ಅಥವಾ ಭಾಗವಾಗಿ ಮಾರಿದಾಗ, ಒಳಗಿನ ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಅದು ಹುಟ್ಟುತ್ತದೆ. ಮೂರನೆಯದು ರೂಢಿಯ ದಾರಿ. 20 ವರ್ಷ ಬಹಿರಂಗವಾಗಿ, ತಂಟೆಯಿಲ್ಲದೆ, ಹಕ್ಕೆಂದೇ ತಿಳಿದು ಎಡೆಬಿಡದೆ ಬಳಸಿದರೆ ಅದು ಸಿದ್ಧಿಸುತ್ತದೆ. ಅನುಮತಿ ಪಡೆದು ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗದು.

ಋಣಭಾರ ಪತ್ರದಲ್ಲಿ ನೋಂದಾಯಿತ ವ್ಯವಹಾರಗಳಷ್ಟೇ ಕಾಣುತ್ತವೆ. ಬಳಕೆಯಿಂದ ಹುಟ್ಟಿದ ದಾರಿ ಕಾಣದು. ಆದುದರಿಂದ ಮುಂಗಡ ಕೊಡುವ ಮೊದಲು ಗ್ರಾಮ ನಕಾಶೆ ಮತ್ತು ಸರ್ವೆ ದಾಖಲೆ ತೆಗೆಸಿ ನೋಡೋಣ. ಜಮೀನನ್ನು ಕಾಲಿನಿಂದ ಸುತ್ತೋಣ. ನಾಲ್ಕೂ ಚೆಕ್ಕುಬಂದಿಯವರನ್ನು ಮಾತನಾಡಿಸೋಣ. ನಮಗೆ ದಾರಿ ಬೇಕಿದ್ದರೆ ಅದರ ಅಗಲವನ್ನೂ ದಿಕ್ಕನ್ನೂ ಕ್ರಯಪತ್ರದಲ್ಲೇ ಬರೆಸೋಣ. ಅಣ್ಣತಮ್ಮಂದಿರು ಪಾಲಾಗುವಾಗಲೂ, ಸಹೋದರಿಯರಿಗೆ ಅವರ ಪಾಲು ಕೊಡುವಾಗಲೂ ದಾರಿಯನ್ನು ಪಾಲುಪತ್ರದಲ್ಲಿ ತೋರಿಸಬೇಕು. ದಾರಿಯಿಲ್ಲದ ಮೂಲೆಯನ್ನು ಸಹೋದರಿಗೆ ಬಿಟ್ಟು 'ಪಾಲು ಕೊಟ್ಟೆವು' ಎನ್ನುವುದು ನ್ಯಾಯವಲ್ಲ.

ದಾರಿ ಮುಚ್ಚಿಸಿಕೊಂಡವರೂ ಬೇಲಿ ಕೀಳಲು ಹೋಗಬಾರದು. ನಕಾಶೆಯ ದಾರಿಯಾದರೆ ತಹಶೀಲ್ದಾರರಿಗೆ ಅರ್ಜಿ ಕೊಡಲಿ. ರೂಢಿಯ ದಾರಿಯಾದರೆ ಸಿವಿಲ್ ನ್ಯಾಯಾಲಯವಿದೆ. ಆದರೆ ವರ್ಷಗಟ್ಟಲೆ ಸುಮ್ಮನಿದ್ದರೆ ಹಕ್ಕೇ ಕೈತಪ್ಪೀತು.

ಅನ್ಯಾಯವಾಗಿ ಕಬಳಿಸಿದ ಗೇಣು ಭೂಮಿಯೂ ಪುನರುತ್ಥಾನದ ದಿನ ಕೊರಳಿಗೆ ಬೀಳುವುದೆಂದು ಪ್ರವಾದಿ(ಸ) ಎಚ್ಚರಿಸಿದ್ದಾರೆ. ದಾರಿಯ ಅಗಲದ ಬಗ್ಗೆ ವಿವಾದವಾದರೆ ಏಳು ಮೊಳ ಬಿಡಬೇಕೆಂದೂ ತೀರ್ಪಿತ್ತಿದ್ದಾರೆ. ದಾರಿಯ ಮುಳ್ಳನ್ನು ಸರಿಸುವುದು ಪುಣ್ಯವೆಂದು ಮಕ್ಕಳಿಗೆ ಕಲಿಸುವ ನಾವು ಅದೇ ದಾರಿಗೆ ಮುಳ್ಳುತಂತಿ ಎಳೆಯುವುದು ಹೇಗೆ? ನೆರೆಯವನು ಯಾವ ಧರ್ಮದವನೇ ಆಗಿರಲಿ, ಅವನ ಬಂಡಿ ಹೋಗುವಷ್ಟು ನೆಲವನ್ನು ಬಿಟ್ಟು ಉಳಿದದ್ದನ್ನು ನಮ್ಮದೆನ್ನೋಣ.